ಸಮುದ್ರಕ್ಕೆ ಬಿಟ್ಟ ನೀರು

"ಕತ್ತರಿ ಕೆಳಗಿಡಿ, ಭಾವ. ಎಲ್ಲರೂ ನೋಡ್ತಿದ್ದಾರೆ."

ದರ್ಜಿ ಬಾಮೈದನ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ಹೆಂಡತಿಯ ಹೆಣ ಸಾಗಿಸಲು ನೀರಾವರಿ ಇಲಾಖೆ ಕಳಿಸಿದ್ದ ಹೂವಿನ ವ್ಯಾನಿಗೆ ಕಟ್ಟಿದ್ದ ಬ್ಯಾನರಿನ ದಾರ ಕತ್ತರಿಸುತ್ತಲೇ ಇದ್ದ. ‘ಒಂದು ಹನಿಯೂ ಸಮುದ್ರದ ಪಾಲಾಗದಿರಲಿ: ನಮ್ಮ ಜಲತಜ್ಞೆಯ ಕನಸು’ ಎಂದು ಅದರಲ್ಲಿ ಬರೆದಿತ್ತು. ಸತ್ತವರ ಬಾಯಿಗೆ ಮಾತು ತುರುಕುವುದು ಸುಲಭ. ಅವರು ತಿರುಗಿ ಉಗುಳುವುದಿಲ್ಲವಲ್ಲ.

ವ್ಯಾನಿನ ಮುಂದಿನ ಸೀಟಿನಲ್ಲಿ ಕೂತಿದ್ದ ಮುಖ್ಯ ಎಂಜಿನಿಯರು ಕಿಟಕಿಯಿಂದ ತಲೆ ಹೊರಹಾಕಿದರು. "ಯಜಮಾನ್ರೇ, ನಿಮ್ಮ ದುಃಖ ಅರ್ಥವಾಗುತ್ತೆ. ಹೊಸ ಕಾಲುವೆಗೆ ಮೇಡಂ ಹೆಸರೇ ಇಡ್ತಿದ್ದೀವಿ. ನೀವು ಹೂಂ ಅಂದ್ರೆ ಸಾಕು."

"ಊಹೂಂ," ಎಂದ ದರ್ಜಿ. ಇವರೆದುರು ಅಳಬಾರದೆಂದು ಕತ್ತರಿ ಬಿಗಿಹಿಡಿದು ಕೊನೆಯ ದಾರವನ್ನೂ ಕತ್ತರಿಸಿದ.

*

ಆ ಕಾಲುವೆಯ ಮಾತು ಮೊದಲು ಬಂದ ದಿನ ಅವಳು ಚೀಲವನ್ನು ಹೊಲಿಗೆ ಮಿಷನ್ನಿನ ಮೇಲೆ ಎಸೆದಿದ್ದಳು.

"ಸಮುದ್ರಕ್ಕೆ ಹೋಗೋ ನೀರು ದಂಡ ಅಂತ ವರದೀಲಿ ಬರೀಬೇಕಂತೆ ರೀ. ಅಷ್ಟನ್ನೂ ತಿರುಗಿಸಿ ನಗರಕ್ಕೆ ಒಯ್ತಾರಂತೆ. ನದಿ ತಳ್ಳದೇ ಇದ್ರೆ ಸಮುದ್ರ ಒಳಗೆ ನುಗ್ಗುತ್ತೆ. ದಡದವರ ಬಾವಿ ಎಲ್ಲಾ ಉಪ್ಪಾಗುತ್ತೆ. ದೇಶದ ನೀರು ಹಂಚೋರಿಗೆ ಇಷ್ಟೂ ಬೇಡ್ವಾ?"

"ಸ್ವಲ್ಪ ಕೂತ್ಕೋ, ಮಾರಾಯ್ತಿ."

"ಬಟ್ಟೆ ಕತ್ತರಿಸುವಾಗ ಹೊಲಿಗೆಗೆ ಅಂತ ಅಂಚು ಬಿಡ್ತೀರಲ್ಲ, ಅದು ದಂಡಾನಾ?"

"ಬಿಡದಿದ್ರೆ ಗಿರಾಕಿ ಕೂತಲ್ಲೇ ಹರಿಯುತ್ತೆ."

ಅವಳು ಬಿದ್ದು ಬಿದ್ದು ನಕ್ಕಳು. ಮರುದಿನ ವರದಿಯಲ್ಲಿ ‘ಇದು ನದಿಯ ಪಾಲು, ಮುಟ್ಟಬಾರದು’ ಎಂದು ಬರೆದಳು. ನದಿ ಅಳೆಯುವವಳನ್ನು ಉಗ್ರಾಣಕ್ಕೆ ಹಾಕಿದರು. ನಿವೃತ್ತಿಯವರೆಗೂ ಪೈಪು ಕಾಯ್ದಳು. ಆಕ್ಷೇಪಣೆ ವಾಪಸ್ ತಗೊಳ್ಳಿ ಎಂದು ಆಗಾಗ ಯಾರಾದರೂ ಮನೆಗೆ ಬರುತ್ತಿದ್ದರು. ಚಹಾ ಕುಡಿದು ಬರಿಗೈಯಲ್ಲಿ ಹೋಗುತ್ತಿದ್ದರು. ಕಾಲುವೆ ಕಾಗದದಲ್ಲೇ ಉಳಿಯಿತು.

*

"ಬ್ಯಾನರ್ ಇಲ್ಲದೆ ವ್ಯಾನ್ ಹೊರಡಲ್ಲ," ಎಂದರು ಮುಖ್ಯ ಎಂಜಿನಿಯರು.

"ಹಾಗಾದ್ರೆ ನಿಮ್ಮ ವ್ಯಾನೇ ಬೇಡ. ಹೊತ್ಕೊಂಡು ಹೋಗ್ತೀವಿ."

ಅವಳನ್ನು ಮಲಗಿಸಿದ್ದ ಹಲಗೆಗೆ ದರ್ಜಿ ಮುಂದಿನಿಂದ ಹೆಗಲು ಕೊಟ್ಟ. ಅದೇ ಇಲಾಖೆಯಲ್ಲಿ ಗುಮಾಸ್ತನಾಗಿದ್ದ ಬಾಮೈದ, "ನನ್ನ ನೌಕರಿ ಹೋಯ್ತು, ಭಾವ," ಎನ್ನುತ್ತಲೇ ಪಕ್ಕದಲ್ಲಿ ಬಗ್ಗಿದ. ಹಿಂದೆ ಎದುರುಮನೆಯ ಮೇಷ್ಟ್ರು ನಿಂತರು. ನಾಲ್ಕನೆಯ ಮೂಲೆಗೆ ಯಾರೂ ಬರಲಿಲ್ಲ. ಅವಳ ಜೊತೆ ಕೆಲಸ ಮಾಡಿದವರೆಲ್ಲ ತಲೆ ತಗ್ಗಿಸಿ ತಮ್ಮ ತಮ್ಮ ಚಪ್ಪಲಿ ನೋಡುತ್ತಿದ್ದರು. ಇಂಥವರನ್ನು ಕಂಡರೆ ಮೈಯುರಿಯುತ್ತದೆ.

ವ್ಯಾನಿನ ಡ್ರೈವರ್ ಎಂಜಿನ್ ಆರಿಸಿ ಕೆಳಗಿಳಿದ.

"ಎಲ್ಲಿಗಯ್ಯಾ?" ಎಂದರು ಮುಖ್ಯ ಎಂಜಿನಿಯರು.

"ನಮ್ಮೂರು ನದಿ ಸಮುದ್ರ ಸೇರೋ ಕಡೆ, ಸಾರ್. ನಮ್ಮನೆ ಬಾವಿ ಇನ್ನೂ ಸಿಹಿಯಾಗೇ ಇದೆ."

ಹಲಗೆ ಮೇಲೆದ್ದಿತು. ಓಣಿಗೆ ಅಡ್ಡವಾಗಿ ನಿಂತ ಹೂವಿನ ವ್ಯಾನಿನಲ್ಲಿ ಮುಖ್ಯ ಎಂಜಿನಿಯರು ಒಬ್ಬರೇ ಕೂತಿದ್ದರು. ಅದರ ಕೀಲಿ ಡ್ರೈವರನ ಜೇಬಿನಲ್ಲಿ ಕಿಣಿಕಿಣಿ ಎನ್ನುತ್ತ, ನಾಲ್ಕು ಹೆಗಲುಗಳ ಜೊತೆ ಮಸಣದ ಕಡೆ ನಡೆದಿತ್ತು.