ಅವ್ವನ ಪಾಲು

ಸಣ್ಣಗಾಗೋಕೆ ಅಂತ ಹೊಟ್ಟೆ ಕುಯ್ಸಿ ಕಿರಿದು ಮಾಡಿಸ್ಕೊಂಡವಳು ಮತ್ತೆ ದಪ್ಪ ಆದರೆ ಊರು ಸುಮ್ಮನಿರುತ್ತಾ? ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡ್ ಹಿಂದಿನ ರಸ್ತೇಲಿ ರಂಜಿತಾಳ ಮ್ಯಾಚಿಂಗ್ ಸೆಂಟರ್. ಸೀರೆಗೆ ಫಾಲ್ಸು, ರವಿಕೆಗೆ ಲೈನಿಂಗು ಅಂತ ಬಂದೋರು ಮೊದಲು ಅವಳ ಸೊಂಟವನ್ನೇ ಕಣ್ಣಲ್ಲಿ ಅಳೆಯೋರು. ಪಕ್ಕದ ಮನೆ ಸುವರ್ಣಮ್ಮನಿಗೆ ಕಣ್ಣು ಸಾಲದು, ಬಾಯೂ ಬೇಕು.

“ಅಷ್ಟೆಲ್ಲಾ ಕುಯ್ಸ್ಕೊಂಡು ಹೊಳೇಲಿ ಹುಣಸೆಹಣ್ಣು ತೊಳೆದಂಗಾಯ್ತಲ್ಲೇ ತಾಯಿ.”

ರಂಜಿತಾ ನಕ್ಕು ಲೈನಿಂಗ್ ಬಟ್ಟೆ ಹರಿದುಕೊಟ್ಟಳು. ಸಣ್ಣಗಾಗಿದ್ದಾಗ “ಏನಾದ್ರೂ ಕಾಯ್ಲೆ ಬಂತಾ” ಅಂದಿದ್ದೂ ಇದೇ ಬಾಯಿ. ಆಗಲೂ ನಕ್ಕಿದ್ದಳು. ಊರ ಬಾಯಿಗೆ ಬೀಗ ಹಾಕೋಕಾಗುತ್ತಾ, ಬಿಡಿ.

ಮಾರನೇ ದಿನವೇ ಅಂಗಡಿ ಬಾಗಿಲು ಹಾಕಿ ಹಾಸನದ ಬಸ್ಸು ಹತ್ತಿದಳು. ಹಿಂದೆ ಆಪರೇಷನ್ ಮಾಡಿದ್ದ ಡಾಕ್ಟರೇ ಇದ್ದರು. ಸ್ಕ್ಯಾನ್ ನೋಡಿ ನಿಧಾನಕ್ಕೆ ಹೇಳಿದರು.

“ಹೊಟ್ಟೆ ಒಂಚೂರು ಹಿಗ್ಗಿದೆ. ಇನ್ನೊಂದ್ಸಲ ಸರಿಮಾಡಬಹುದು. ಆದ್ರೆ ಎರಡನೇ ಸಲ ಮೊದಲಿನಷ್ಟು ಸಲೀಸಲ್ಲ ಕಣಮ್ಮ, ಅಪಾಯ ಜಾಸ್ತಿ. ಊಟದಲ್ಲಿ ಎಲ್ಲಿ ತಪ್ತಾ ಇದೆ ಅಂತ ಮೊದಲು ನೋಡ್ಕೊಳಿ. ಅದು ಸರಿಹೋದ್ರೆ ಇದು ಬೇಡವೂ ಆಗಬಹುದು.”

“ಮಾಡ್ಬುಡಿ ಸಾ,” ಅಂದಳು ರಂಜಿತಾ, ಅವರು ಮಾತು ಮುಗಿಸೋಕೂ ಬಿಡದೆ. ಇಷ್ಟು ಆತುರ ಯಾಕೆ ಅಂತ ಅವಳಿಗೂ ಗೊತ್ತಿರಲಿಲ್ಲ.

ಆಚೆ ಕೂತಿದ್ದ ನರ್ಸಮ್ಮ ಕೇಳಿದಳು. “ಜೊತೇಲಿ ಯಾರಿರ್ತಾರೆ?”

“ಅವ್ವ.”

ಬಾಯಿಂದ ಬಂದ್ಬುಟ್ಟಿತ್ತು. ಅವ್ವ, ಅಂದರೆ ಬಸವಲಿಂಗಮ್ಮ, ಹೋದ ಆಷಾಢದಲ್ಲೇ ತೀರಿಹೋಗಿದ್ದಳು. “ಸರಿ, ಅವರನ್ನ ಕರ್ಕೊಂಡೇ ಬನ್ನಿ, ಯಾವತ್ತು ಅಂತ ಫೋನ್ ಮಾಡಿ” ಅಂದಳು ನರ್ಸಮ್ಮ. ರಂಜಿತಾ ಹ್ಞೂಂ ಅಂದು ಎದ್ದುಬಂದಳು.

ಬಸ್ಸಲ್ಲಿ ದಾರಿಯುದ್ದಕ್ಕೂ ಅವ್ವನದೇ ನೆನಪು. ಹೋದ ಸಲ ಆಸ್ಪತ್ರೆ ಮಂಚದ ಪಕ್ಕ ಕೂತು ಚಮಚದಲ್ಲಿ ಗಂಜಿ ಕುಡಿಸಿದ್ದಳು. ಮನೆಗೆ ಬಂದ ಮೇಲೂ ಇಬ್ಬರೂ ಒಟ್ಟಿಗೇ ಉಣ್ಣೋರು. ರಂಜಿತಾಗೆ ನಾಲ್ಕು ತುತ್ತಿಗೇ ಸಾಕಾಗೋದು. ತಟ್ಟೇಲಿ ಬಿಡೋ ಮನೆಯಲ್ಲ ಅದು. ಲಿಂಗಕ್ಕೆ ತೋರಿಸಿ ಉಂಡದ್ದು ಪ್ರಸಾದ, ಅಗುಳೂ ಚೆಲ್ಲೋ ಹಾಗಿಲ್ಲ. ಅವ್ವ ಮಗಳ ತಟ್ಟೆ ತನ್ನ ಕಡೆಗೆ ಎಳ್ಕೊಂಡು ಉಂಡು, ನೀರು ಹಾಕಿ ತೊಳೆದು ಕುಡಿದುಬಿಡೋಳು. “ನಿನ್ನ ಹೊಟ್ಟೆ ಚಿಕ್ಕದಾದ್ರೆ ನಂದೂ ಚಿಕ್ಕದಾಗುತ್ತಾ? ಏಳು, ಕೈ ತೊಳ್ಕೊ.” ಮಗಳು ಸಣ್ಣಗಾದದ್ದನ್ನ ಊರೆಲ್ಲ ನೋಡಿತು. ಉಳಿದದ್ದನ್ನ ಉಂಡೋರು ಯಾರು ಅಂತ ಯಾರೂ ಕೇಳಲಿಲ್ಲ.

ಮನೆ ಬೀಗ ತೆಗೆದಾಗ ಇನ್ನೂ ಬೆಳಕಿತ್ತು. ಮುದ್ದೆಗೆ ಎಸರಿಟ್ಟಳು. ಒಂದು ಹಿಡಿ ಹಿಟ್ಟು ಹಾಕಿದಳು, ಎರಡನೇ ಹಿಡಿಗೆ ಕೈ ತಾನಾಗೇ ಡಬ್ಬಕ್ಕೆ ಹೋಯಿತು. ಅಲ್ಲೇ ನಿಂತಿತು.

“ಇದು ಯಾರಿಗೆ?” ಅಂತ ಗಟ್ಟಿಯಾಗಿ ಕೇಳಿಕೊಂಡಳು. ಒಲೆ ಮುಂದೆ ಬೇರೆ ಯಾರೂ ಇರಲಿಲ್ಲ.

ಎಂಥಾ ಪೆದ್ದು ನೋಡಿ! ಅವ್ವ ಹೋದ ಮೇಲೂ ದಿನಾ ಇಬ್ಬರ ಅಡುಗೆಯೇ. ಅಷ್ಟನ್ನೂ ತಟ್ಟೆಗೆ ಹಾಕ್ಕೊಂಡು, ನಾಲ್ಕು ತುತ್ತು ಉಂಡು ಮುಚ್ಚಿಡೋಳು. ಪ್ರಸಾದ, ಚೆಲ್ಲೋಕೆ ಮನಸ್ಸು ಬರದು. ಸ್ವಲ್ಪ ಹೊತ್ತು ಬಿಟ್ಟು ತಣ್ಣಗಾದ್ದನ್ನ ಒಂದಿಷ್ಟು, ಮಲಗೋ ಮುಂಚೆ ಇನ್ನೊಂದಿಷ್ಟು. ಅವ್ವನ ಪಾಲನ್ನೂ ಅವಳೇ ಉಂಡರೆ ಮೈ ಬರದೆ ಇನ್ನೇನು ಬಂದೀತು.

ಎರಡನೇ ಹಿಡಿಯನ್ನ ಡಬ್ಬಕ್ಕೇ ಸುರಿದಳು. ನಿಂಬೆಹಣ್ಣಿನಷ್ಟು ಮುದ್ದೆ ಆಯಿತು, ಮಿಕ್ಕ ಸಾರಿನ ಜೊತೆ ಕೂತು ಉಂಡಳು. ಹೊಟ್ಟೆ ತುಂಬಿತು, ತಟ್ಟೆ ಖಾಲಿಯಾಯಿತು. ತಟ್ಟೇಲಿ ಏನಾದರೂ ಉಳಿದಿರೋವರೆಗೆ ಅವ್ವ ಕೈ ಚಾಚಿ ಎಳ್ಕೋತಾಳೆ ಅಂತ ಒಳಗೆಲ್ಲೋ ಇತ್ತು ಕಾಣುತ್ತೆ. ಈಗ ಎಳ್ಕೊಳ್ಳೋಕೆ ಏನೂ ಇರಲಿಲ್ಲ. ಅತ್ತಳು, ಎಂಜಲು ಕೈಯಲ್ಲೇ, ಬಿಕ್ಕಿಬಿಕ್ಕಿ. ಆಸ್ಪತ್ರೆ ಮಂಚದ ಮೇಲೆ ಮಲಗಿದರೆ ಪಕ್ಕದಲ್ಲಿ ಅವ್ವ ಬಂದು ಕೂತಾಳು ಅಂತಲೇ “ಮಾಡ್ಬುಡಿ ಸಾ” ಅಂದಿದ್ದು. ಹೊಟ್ಟೆಗೋಸ್ಕರ ಅಲ್ಲ.

ಎಡಗೈಯಲ್ಲೇ ಆಸ್ಪತ್ರೆಗೆ ಫೋನ್ ಮಾಡಿದಳು.

“ಸಿಸ್ಟರ್, ಬೆಳಿಗ್ಗೆ ಬಂದಿದ್ನಲ್ಲ, ಚನ್ನರಾಯಪಟ್ಟಣದ ರಂಜಿತಾ. ಆಪರೇಷನ್ ಸದ್ಯಕ್ಕೆ ಬೇಡ. ಊಟದಲ್ಲಿ ಎಲ್ಲಿ ತಪ್ಪಿದ್ದೆ ಅಂತ ಗೊತ್ತಾಯ್ತು, ಡಾಕ್ಟರಿಗೆ ಹೇಳ್ಬುಡಿ.”

“ಆಯ್ತಮ್ಮ. ಯಾಕೆ, ನಿಮ್ಮ ತಾಯಿ ಬೇಡ ಅಂದ್ರಾ?”

ರಂಜಿತಾ ತಟ್ಟೆಗೆ ನೀರು ಹಾಕಿ ಸುತ್ತಲೂ ಆಡಿಸಿದಳು.

“ಅವ್ವ ಇಲ್ಲ ಸಿಸ್ಟರ್. ತೀರ್ಕೊಂಡವ್ಳೆ,” ಅಂದಳು. ಆಮೇಲೆ ಆ ನೀರು ಕುಡಿದಳು.