ಊರು ಕುಳ್ಳಾದ ದಿನ

ಮನುಷ್ಯ ಬೆಳಗ್ಗೆ ಇದ್ದಷ್ಟು ಎತ್ತರ ಸಂಜೆಗೆ ಇರುವುದಿಲ್ಲ. ದಿನವಿಡೀ ನಿಂತು, ಕೂತು, ನಡೆದಾಡುವಾಗ ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆಗಳು ಒತ್ತಿಕೊಂಡು ತೆಳುವಾಗುತ್ತವೆ. ರಾತ್ರಿ ಮಲಗಿದಾಗ ಮತ್ತೆ ಉಬ್ಬುತ್ತವೆ. ವ್ಯತ್ಯಾಸ ಸುಮಾರು ಒಂದು ಸೆಂಟಿಮೀಟರ್. ಇದನ್ನು ನಮ್ಮಪ್ಪ ಪತ್ರಿಕೆಯಲ್ಲಿ ಬರೆದಿದ್ದರು. ಅದನ್ನು ನಂಬಿ ನಾವು ಅಕ್ಕನನ್ನು ಪತ್ರಿಕೆಯ ಕಟ್ಟುಗಳ ಮೇಲೆ ಮಲಗಿಸಿಕೊಂಡು ಅಗ್ನಿಶಾಮಕ ಠಾಣೆಗೆ ಹೋದೆವು.

ಅಪ್ಪ ಸಂಜೆ ಪತ್ರಿಕೆಯೊಂದರಲ್ಲಿ ಉಪಸಂಪಾದಕರಾಗಿದ್ದರು. ಸೀಸದ ಅಕ್ಷರಗಳನ್ನು ಜೋಡಿಸಿ ಪುಟ ಕಟ್ಟುತ್ತಿದ್ದ ಕಾಲ ಅದು. ಸುದ್ದಿ ನಾಲ್ಕು ಸಾಲು ಕಡಿಮೆ ಬಿದ್ದರೆ ಕಾಲಮಿನ ಬುಡದಲ್ಲಿ ಖಾಲಿ ಜಾಗ ಬಾಯಿ ತೆರೆಯುತ್ತಿತ್ತು. ಅದನ್ನು ಮುಚ್ಚಲು ಅಪ್ಪನ ‘ನಿಮಗಿದು ಗೊತ್ತೆ?’ ತುಣುಕುಗಳು ಮೊದಲೇ ಜೋಡಿಸಿಟ್ಟು ಸಿದ್ಧವಾಗಿರುತ್ತಿದ್ದವು. ಆಕ್ಟೋಪಸ್‌ಗೆ ಮೂರು ಹೃದಯ. ಚಿಟ್ಟೆ ಕಾಲಿನಿಂದ ರುಚಿ ನೋಡುತ್ತದೆ. ಜಿರಾಫೆಯ ಕತ್ತಿನಲ್ಲೂ ನಮ್ಮ ಕತ್ತಿನಲ್ಲೂ ಇರುವುದು ಏಳೇ ಮೂಳೆ. ಎರಡು ಪುಸ್ತಕಗಳು ಒಪ್ಪದ ಹೊರತು ಅಪ್ಪ ಒಂದು ಸಾಲನ್ನೂ ಅಚ್ಚಿಗೆ ಕೊಡುತ್ತಿರಲಿಲ್ಲ. ಉಷ್ಟ್ರಪಕ್ಷಿ ಹೆದರಿದಾಗ ಮರಳಿನಲ್ಲಿ ತಲೆ ಹುದುಗಿಸುತ್ತದೆ ಎಂದು ಸಂಪಾದಕರೇ ಬರೆದುಕೊಟ್ಟಾಗ, “ಸಾರ್, ಅದು ಹಾಗೆ ಮಾಡಲ್ಲ” ಎಂದು ಚೀಟಿಯನ್ನು ವಾಪಸು ಕಳಿಸಿದ್ದರು. ಅವರ ತುಣುಕುಗಳಿಗೆ ಒಮ್ಮೆಯೂ ತಿದ್ದುಪಡಿ ಬಂದಿರಲಿಲ್ಲ. ಊರಿನಲ್ಲಿ ಅವರ ಹೆಸರೇ ‘ಗೊತ್ತಾ ಸಾರ್’ ಎಂದಾಗಿತ್ತು.

“ಜಿರಾಫೆ ಕತ್ತಲ್ಲಿ ಎಷ್ಟು ಮೂಳೆ ಅಂತ ಗೊತ್ತು. ಮನೇಲಿ ಸೀಮೆಎಣ್ಣೆ ಮುಗಿದು ಎರಡು ದಿನ ಆಯ್ತು ಅನ್ನೋದು ಮಾತ್ರ ಗೊತ್ತಿಲ್ಲ” ಎನ್ನುತ್ತಿದ್ದರು ಅಮ್ಮ.

ಆ ವರ್ಷ ಮಕ್ಕಳ ಪುರವಣಿಗಾಗಿ ಅಪ್ಪ ಒಂದು ಎತ್ತರದ ಪಟ್ಟಿ ಮಾಡಿದ್ದರು. ನಾಲ್ಕು ವಾರ ನಾಲ್ಕು ತುಂಡು. ಕತ್ತರಿಸಿ ಒಂದರ ಮೇಲೊಂದು ಗೋಡೆಗೆ ಅಂಟಿಸಿಕೊಳ್ಳಬೇಕು. ಅಂಕಿಗಳ ಪಕ್ಕದಲ್ಲಿ ಪ್ರಾಣಿಗಳು: ನೂರಹತ್ತರ ಬಳಿ ಎಂಪರರ್ ಪೆಂಗ್ವಿನ್, ತುದಿಯಲ್ಲಿ ಆಗತಾನೇ ಹುಟ್ಟಿದ ಜಿರಾಫೆ ಮರಿ. ಕ್ಷೌರದಂಗಡಿಯಲ್ಲಿ, ಹೊಲಿಗೆಯವನ ಬಾಗಿಲಲ್ಲಿ, ದಾಖಲಾತಿಗೆ ಬಂದ ಮಕ್ಕಳನ್ನು ನಿಲ್ಲಿಸುತ್ತಿದ್ದ ಶಾಲೆಯ ಗೋಡೆಯಲ್ಲಿ, ಎಲ್ಲಿ ನೋಡಿದರೂ ಅದೇ ಪಟ್ಟಿ. ನಮ್ಮ ಮನೆಯಲ್ಲಿ ಅದು ಅಡುಗೆಮನೆಯ ಬಾಗಿಲ ಪಕ್ಕದಲ್ಲಿತ್ತು.

ಅಗ್ನಿಶಾಮಕ ದಳಕ್ಕೆ ಮೊದಲ ಬಾರಿಗೆ ಹೆಂಗಸರನ್ನು ತೆಗೆದುಕೊಳ್ಳುತ್ತಾರೆ ಎಂಬ ಸುದ್ದಿ ನಮ್ಮ ಪತ್ರಿಕೆಯಲ್ಲೇ ಬಂತು. ಎತ್ತರ ನೂರ ಅರವತ್ತು ಸೆಂಟಿಮೀಟರ್‌ಗೆ ಕಡಿಮೆ ಇರಬಾರದು. ಅಕ್ಕ ಅಂದೇ ಆ ಪಟ್ಟಿಗೆ ಬೆನ್ನು ಕೊಟ್ಟು ನಿಂತಳು. ಬೆಳಗ್ಗೆ ನಿಂತರೆ ಅರವತ್ತರ ಗೆರೆಗಿಂತ ಕೂದಲೆಳೆ ಮೇಲೆ. ಸಂಜೆ ನಿಂತರೆ ಗೆರೆಯ ಕೆಳಗೆ. ಅರ್ಜಿಯಲ್ಲಿ ನೂರ ಅರವತ್ತು ಎಂದು ಬರೆದಳು. ಅಳತೆಗೆ ಕರೆದದ್ದು ಮಾತ್ರ ಮಧ್ಯಾಹ್ನದ ನಂತರ, ಅದೂ ದೂರದ ಪೇಟೆಯಲ್ಲಿ.

“ಅಲ್ಲಿವರೆಗೂ ಅವಳು ಏಳಲೇಬಾರದು” ಎಂದರು ಅಪ್ಪ. “ಮಲಗಿದ್ರೆ ಮೆತ್ತೆ ಕುಗ್ಗಲ್ಲ.”

“ಹೆಣ್ಣುಮಗಳನ್ನ ಹಾಸಿಗೆ ಸಮೇತ ಹೊತ್ಕೊಂಡು ಹೋಗ್ತೀರಾ? ನೋಡಿದವರು ಏನಂದ್ಕೋತಾರೆ?” ಎಂದರು ಅಮ್ಮ.

“ಪತ್ರಿಕೆ ವ್ಯಾನ್ ಇದೆಯಲ್ಲ.”

ಹೀಗೆ ಅಕ್ಕ ಬಿಸಿ ಆರದ ಪತ್ರಿಕೆಯ ಕಟ್ಟುಗಳ ಮೇಲೆ ಅಂಗಾತ ಮಲಗಿ ಹೊರಟಳು. ಅವಳು ಏಳದಂತೆ ಕಾಯುವ ಕೆಲಸ ನನ್ನದು. ಶಾಯಿಯ ವಾಸನೆ, ಹಿಂಬಾಗಿಲಿನ ಸಂದಿಯಿಂದ ಬರುವ ಧೂಳು. ಪ್ರತಿ ನಿಲ್ದಾಣದಲ್ಲೂ ಏಜೆಂಟರು ಕಟ್ಟು ಎಳೆದುಕೊಳ್ಳಲು ಬಂದಾಗ ಅವಳು ಪಕ್ಕದ ಕಟ್ಟಿಗೆ ಉರುಳಬೇಕಿತ್ತು.

“ಏನಮ್ಮಾ, ಹುಷಾರಿಲ್ವಾ?” ಎಂದ ಒಬ್ಬ ಏಜೆಂಟ.

“ಹುಷಾರಾಗೇ ಇದೀನಿ. ಎತ್ತರ ಉಳಿಸ್ಕೋತಾ ಇದೀನಿ” ಎಂದಳು ಅಕ್ಕ.

ಆತ ಚಾಲಕನ ಕಡೆ ನೋಡಿದ. “ಗೊತ್ತಾ ಸಾರ್ ಮಗಳು” ಎಂದ ಚಾಲಕ, ಅಷ್ಟರಲ್ಲೇ ಎಲ್ಲ ಬಂತು ಎನ್ನುವಂತೆ. ಅಕ್ಕ ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡಳು. “ನಗಬೇಡ, ಕುಗ್ತೀಯ” ಎಂದು ನಾನು ಗದರಿಸಿದೆ.

ಠಾಣೆಯ ಅಂಗಳದಲ್ಲಿ ಕೆಂಪು ವಾಹನಗಳ ಮುಂದೆ ಸಾಲು. ನಮ್ಮೂರಿನಿಂದಲೇ ಅಕ್ಕನೂ ಸೇರಿ ಆರು ಹುಡುಗಿಯರು ಬಂದಿದ್ದರು. ಅಕ್ಕ ವ್ಯಾನಿನಿಂದ ನೇರ ಇಳಿದು, ಚಪ್ಪಲಿ ಬಿಟ್ಟು, ಉಕ್ಕಿನ ಅಳತೆಗೋಲಿನ ಕೆಳಗೆ ನಿಂತಳು. ಅಡ್ಡಪಟ್ಟಿ ಅವಳ ನೆತ್ತಿಯ ಮೇಲೆ ಕೂತಿತು.

“ನೂರ ಐವತ್ತೆಂಟೂವರೆ.”

“ಇನ್ನೊಂದ್ಸಲ ನೋಡಿ ಸಾರ್” ಎಂದಳು ಅಕ್ಕ.

ಅಧಿಕಾರಿ ಇನ್ನೊಮ್ಮೆ ನೋಡಿದರು. ಐವತ್ತೆಂಟೂವರೆಯೇ. ಆಮೇಲೆ ನಮ್ಮೂರಿನ ಉಳಿದ ಐವರ ಅರ್ಜಿಗಳನ್ನೂ ಪಕ್ಕಪಕ್ಕ ಇಟ್ಟುಕೊಂಡರು. ಕೆಲವರು ಅರವತ್ತು ದಾಟಿದ್ದರು. ಆದರೆ ಒಬ್ಬರ ಎತ್ತರವೂ ತಾವೇ ಬರೆದಷ್ಟಿರಲಿಲ್ಲ. ಎಲ್ಲರೂ ಒಂದೂವರೆ, ಎರಡು ಸೆಂಟಿಮೀಟರ್ ಕಡಿಮೆ.

“ನಿಮ್ಮೂರಲ್ಲಿ ಸುಳ್ಳನ್ನೂ ಅಳತೆ ತಗೊಂಡು ಹೊಲೀತಾರೇನು?” ಎಂದರು. “ಅರ್ಜಿಯಲ್ಲಿ ಸುಳ್ಳು ಬರೆದವರನ್ನ ಯಾವ ಹುದ್ದೆಗೂ ತಗೊಳ್ಳಲ್ಲ. ವಾಹನಕ್ಕೂ ಇಲ್ಲ, ಕಚೇರಿಗೂ ಇಲ್ಲ, ಟೆಲಿಫೋನ್ ಕೋಣೆಗೂ ಇಲ್ಲ. ಶನಿವಾರ ಆಯ್ಕೆ ಮುಗಿಸ್ತೀವಿ. ಹೊರಡಿ.”

ವಾಪಸು ಬರುವಾಗ ಅಕ್ಕ ಮಲಗಲಿಲ್ಲ. ಖಾಲಿ ವ್ಯಾನಿನಲ್ಲಿ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. “ಕುಳ್ಳಿ ಅಂದಿದ್ರೆ ಬೇಜಾರಾಗ್ತಿರಲಿಲ್ಲ ಕಣೇ” ಎಂದಳು. “ಸುಳ್ಳಿ ಅಂದ್ಬಿಟ್ರು.”

ಮನೆಯಲ್ಲಿ ನಡೆದದ್ದನ್ನು ಹೇಳಿದಾಗ ಅಪ್ಪ ಮೊದಲು ಕೇಳಿದ್ದು ಒಂದೇ. “ಆರೂ ಜನಕ್ಕೂ ಅಷ್ಟಷ್ಟೇ ಕಡಿಮೆಯಾ?”

“ಹೂಂ ಅಪ್ಪ.”

“ಒಬ್ಬಳು ಸುಳ್ಳು ಬರೀಬಹುದು. ಆರು ಜನ ಒಂದೇ ಅಳತೆಯ ಸುಳ್ಳು ಬರೆದಿದ್ರೆ ತಪ್ಪು ಅವರದ್ದಲ್ಲ.” ಅವರು ಎದ್ದು ಉಕ್ಕಿನ ಸ್ಕೇಲು ತಂದು ಬಾಗಿಲ ಪಕ್ಕದ ಪಟ್ಟಿಗೆ ಹಿಡಿದರು. ನೆಲದಿಂದ ಮೇಲಕ್ಕೆ ಗುರುತು ಹಾಕುತ್ತ ಹೋದರು. ನೂರ ಅರವತ್ತರ ಗೆರೆ ನಿಜದಲ್ಲಿ ನೂರ ಐವತ್ತೆಂಟೂವರೆಗಿಂತ ಸ್ವಲ್ಪವೇ ಕೆಳಗಿತ್ತು. ಅಪ್ಪ ಅಲ್ಲೇ ಹೊಸ್ತಿಲ ಮೇಲೆ ಕೂತರು.

ಅವರಿಗೆ ಗೊತ್ತಿರದ ವಿಷಯವಲ್ಲ ಅದು. ಆ ಮುದ್ರಣಾಲಯದಲ್ಲಿ ಎಲ್ಲರಿಗೂ ಗೊತ್ತಿತ್ತು. ಜೋಡಿಸಿದ ಪುಟದ ಮೇಲೆ ತೇವದ ರಟ್ಟನ್ನು ಒತ್ತಿ ಪಡಿಯಚ್ಚು ತೆಗೆಯುತ್ತಾರೆ. ಅದು ಒಣಗಿದ ಮೇಲೆ ಕರಗಿಸಿದ ಸೀಸ ಸುರಿದು, ಯಂತ್ರಕ್ಕೆ ಕಟ್ಟುವ ಫಲಕ ಮಾಡುತ್ತಾರೆ. ರಟ್ಟು ಒಣಗುವಾಗ ನೂರಕ್ಕೆ ಒಂದರಷ್ಟು ಕುಗ್ಗುತ್ತದೆ. ಅಷ್ಟರಮಟ್ಟಿಗೆ ಪುಟ ಚಿಕ್ಕದಾಗಿ, ಕಾಗದ ಉಳಿಯುತ್ತದೆ ಎಂದು ವ್ಯವಸ್ಥಾಪಕರಿಗೆ ಖುಷಿಯೇ ಇತ್ತು. ಸುದ್ದಿ ನೂರಕ್ಕೆ ಒಂದರಷ್ಟು ಚಿಕ್ಕದಾದರೆ ಓದುವವರಿಗೇನೂ ನಷ್ಟವಿಲ್ಲ. ಅಪ್ಪ ಎತ್ತರದ ಪಟ್ಟಿಯನ್ನು ಸ್ಕೇಲು ಹಿಡಿದು ಎರಡೆರಡು ಬಾರಿ ಪರೀಕ್ಷಿಸಿದ್ದರು. ಆದರೆ ಎಲ್ಲ ಕರಡುಗಳಂತೆ ಅದನ್ನೂ ಪರೀಕ್ಷಿಸಿದ್ದು ಸೀಸದ ಪುಟದಿಂದ ತೆಗೆದ ಪ್ರತಿಯಲ್ಲಿ, ರಟ್ಟು ಒತ್ತುವುದಕ್ಕೆ ಮೊದಲು.

ಮರುದಿನ ಅಪ್ಪ ಬರೆದ ತಿದ್ದುಪಡಿಯನ್ನು ನೋಡಿ ಮಾಲೀಕರು ನಕ್ಕರಂತೆ. “ಮಕ್ಕಳಾಟದ ಪಟ್ಟಿ ಕಣ್ರೀ. ಒಳಪುಟದಲ್ಲಿ ಎಲ್ಲಾದ್ರೂ ಎರಡು ಸಾಲು ಸೇರಿಸಿ, ಸಾಕು.”

“ಅದರ ಮೇಲೆ ಸೆಂಟಿಮೀಟರ್ ಅಂತ ಅಚ್ಚಾಗಿದೆ ಸಾರ್” ಎಂದರಂತೆ ಅಪ್ಪ. “ಆಟ ಅಂತ ಅಚ್ಚಾಗಿಲ್ಲ.”

ಮುಖಪುಟದ ಬುಡದಲ್ಲಿ, ಚೌಕಟ್ಟಿನೊಳಗೆ ಬಂತು: ನಮ್ಮ ಪಟ್ಟಿಯಲ್ಲಿ ಅಳೆದುಕೊಂಡವರು ತಮ್ಮ ಎತ್ತರದಲ್ಲಿ ನೂರಕ್ಕೆ ಒಂದು ಪಾಲು ಕಳೆಯಬೇಕು, ಇದನ್ನು ನಂಬಿ ಅರ್ಜಿಗಳಲ್ಲಿ ಎತ್ತರ ಬರೆದವರ ತಪ್ಪು ಇದರಲ್ಲಿ ಏನೂ ಇಲ್ಲ, ತಪ್ಪು ಪತ್ರಿಕೆಯದು. ಕೆಳಗೆ ಅಪ್ಪನ ಪೂರ್ಣ ಹೆಸರು. ಗೊತ್ತಾ ಸಾರ್‌ಗೆ ಒಂದು ಹೆಸರಿದೆ ಎಂದು ಎಷ್ಟೋ ಜನಕ್ಕೆ ತಿಳಿದದ್ದೇ ಅಂದು.

ಆ ಸಂಜೆ ಊರಿಗೆ ಊರೇ ಕುಳ್ಳಾಯಿತು. ಕ್ಷೌರದವನು ಪಟ್ಟಿಯನ್ನು ಕಿತ್ತು ತಂದು ನಮ್ಮ ಜಗಲಿಯ ಮೇಲೆ ಹರಡಿದ. “ಆಸ್ಪತ್ರೇಲಿ ಅಳೆದಿದ್ದ ನನ್ನ ಎತ್ತರಾನ ನನ್ನ ಮಗ ದಾಟಿದ ಅಂತ ಇಡೀ ಬೀದಿಗೆ ಚಹಾ ಕುಡಿಸಿದ್ದೆ ಸಾರ್! ಈಗ ನೋಡಿದ್ರೆ ಅವನಿಗಿಂತ ನಾನೇ ಒಂದು ಬೆರಳು ಎತ್ತರ!”

“ಪಕ್ಕದಲ್ಲಿ ನಿಲ್ಲಿಸಿ ನೋಡಬಾರದಿತ್ತೇನಯ್ಯ?” ಎಂದರು ಅಮ್ಮ.

“ಅಚ್ಚಾದದ್ದನ್ನ ನಂಬೋದಾ ಅಮ್ಮಾ, ಕಣ್ಣನ್ನ ನಂಬೋದಾ?”

ಅಪ್ಪ ಅಷ್ಟು ಹೊತ್ತು ತಲೆ ತಗ್ಗಿಸಿ ಕೂತದ್ದನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಶುಕ್ರವಾರ ಅಪ್ಪ, ಅಕ್ಕ, ನಾನು ಬಸ್ಸಿನಲ್ಲಿ ಪೇಟೆಗೆ ಹೋದೆವು. ಅಧಿಕಾರಿ ತಿದ್ದುಪಡಿಯನ್ನು ಎರಡು ಬಾರಿ ಓದಿ, ಅಪ್ಪನನ್ನು ಮೇಲಿಂದ ಕೆಳಗೆ ನೋಡಿದರು.

“ಇದನ್ನ ಬರೆದವರು ನೀವೇನಾ?”

“ಹೌದು. ತಪ್ಪು ಮಾಡಿದವನೂ ನಾನೇ.”

“ಹಾಗಾದ್ರೆ ಸುಳ್ಳು ಅನ್ನೋದನ್ನ ಹೊಡೆದುಹಾಕ್ತೀನಿ, ಆರು ಜನರದ್ದೂ. ಅರವತ್ತು ದಾಟಿದವರು ವಾಹನಕ್ಕೆ ಬರ್ತಾರೆ.” ಅಕ್ಕನ ಕಡೆ ತಿರುಗಿದರು. “ನಿನ್ನ ಎತ್ತರ ಮಾತ್ರ ನಾನು ಹಿಗ್ಗಿಸೋಕಾಗಲ್ಲಮ್ಮ. ಟೆಲಿಫೋನ್ ಕೋಣೆಗೆ ಎತ್ತರದ ನಿಯಮ ಇಲ್ಲ. ಬರ್ತೀಯಾ?”

ಅಕ್ಕ ಕಿಟಕಿಯಾಚೆಯ ಕೆಂಪು ವಾಹನವನ್ನು ನೋಡಿದಳು. “ಬೆಂಕಿ ಹತ್ರ ಹೋಗೋಕಾಗಲ್ವಲ್ಲ ಸಾರ್.”

“ಬೆಂಕಿ ಎಲ್ಲರಿಗಿಂತ ಮೊದಲು ನಿನ್ನ ಹತ್ರಾನೇ ಬರುತ್ತೆ. ಎಲ್ಲಿ ಬಿದ್ದಿದೆ, ಒಳಗೆ ಎಷ್ಟು ಜನ, ಯಾವ ಬೀದಿಯಿಂದ ಹೋಗಬೇಕು, ಎಲ್ಲಾ ನೀನೇ ಕೇಳಿ ಹೇಳಬೇಕು. ನೀನು ತಪ್ಪು ಹೇಳಿದ್ರೆ ನಮ್ಮವರು ತಪ್ಪು ಬೀದಿಗೆ ಹೋಗ್ತಾರೆ.”

ಅಕ್ಕ ಅಪ್ಪನ ಮುಖ ನೋಡಿದಳು. ಆಮೇಲೆ, “ಬರ್ತೀನಿ” ಎಂದಳು.

ಅವಳು ನಿವೃತ್ತಳಾಗುವವರೆಗೆ ಆ ಕೋಣೆಯಲ್ಲೇ ಇದ್ದಳು. ಕೆಲಸಕ್ಕೆ ಸೇರಿದ ಮೊದಲ ವಾರ ಅಪ್ಪ ಪತ್ರಿಕಾ ಕಚೇರಿಯಿಂದ ಠಾಣೆಗೆ ಫೋನ್ ಮಾಡಿದರು. ನಾನು ಅವರ ಮೇಜಿನ ಪಕ್ಕದಲ್ಲೇ ನಿಂತಿದ್ದೆ. ಗಂಟೆ ಒಂದೇ ಬಾರಿ ಬಾರಿಸಿತು.

“ಎಲ್ಲಿ ಬೆಂಕಿ?” ಎಂದಳು ಅಕ್ಕ.

“ಬೆಂಕಿ ಇಲ್ಲಮ್ಮ, ನಾನು. ಹೇಗಿದೀಯ ಅಂತ...”

“ಯಾರಿಗೂ ಏನೂ ಆಗಿಲ್ವಾ?”

“ಇಲ್ಲ.”

“ಎರಡು ಕಡೆ ವಿಚಾರಿಸಿದೀರಾ?”

ಅಪ್ಪ ಗೊಂದಲದಿಂದ ನನ್ನನ್ನೊಮ್ಮೆ, ಕಚೇರಿಯನ್ನೊಮ್ಮೆ ನೋಡಿದರು. “ಹೂಂ” ಎಂದರು.

“ಹಾಗಾದ್ರೆ ಇಡಿ ಅಪ್ಪ. ಈ ಲೈನು ಖಾಲಿ ಇರಬೇಕು.”

ಅಪ್ಪ ರಿಸೀವರನ್ನು ಸದ್ದಾಗದಂತೆ ಕೆಳಗಿಟ್ಟರು.