ಇನ್ನೊಂದು ಮೈದಾನದ ಆಟ

ಪಂದ್ಯ ಮುಗಿದಿತ್ತು, ಊರಿನ ತಂಡ ಗೆದ್ದೂ ಆಗಿತ್ತು. ಆದರೂ ರೊಕ್ಕಮಾರೆಯ ಮೈದಾನದಿಂದ ಯಾರೊಬ್ಬರೂ ಕದಲಲಿಲ್ಲ. ಆಟಗಾರರ ಬಟ್ಟೆ ಒಗೆಯುವ ಎರ್ಮೆತೆ, ಬೆವರಿಗೆ ತೊಯ್ದ ಅಂಗಿಗಳನ್ನು ತೋಳಿನ ಮೇಲೆ ಹೇರಿಕೊಂಡು, ಕ್ಯಾಪ್ಟನ್ ಸಾಂತೆ ಹಿಡಿದಿದ್ದ ರೇಡಿಯೊದ ಪಕ್ಕ ನಿಂತಿದ್ದ.

ವಾಲ್ಪಿಯಾನಾ ಊರಿನಲ್ಲಿ ಅಲ್ಲಿನ ತಂಡದ ಆಟ ಇನ್ನೂ ನಡೆದಿತ್ತು. ಎರಡು ಕಡೆಯೂ ಗೋಲಿಲ್ಲ. ಅದು ಹಾಗೇ ಮುಗಿದರೆ ರೊಕ್ಕಮಾರೆ ಈ ಲೀಗಿನಲ್ಲೇ ಉಳಿಯುತ್ತಿತ್ತು. ವಾಲ್ಪಿಯಾನಾ ಗೆದ್ದರೆ ಅದು ಉಳಿದು, ರೊಕ್ಕಮಾರೆ ಕೆಳಗಿನ ಲೀಗಿಗೆ ಬೀಳುತ್ತಿತ್ತು. ಬಿದ್ದರೆ ಕ್ಲಬ್ಬಿಗೆ ಬೀಗ ಎಂದು ಅಧ್ಯಕ್ಷರು ಹೇಳಿಯಾಗಿತ್ತು. ಕಪ್ ಪಂದ್ಯಾವಳಿಯಿಂದ ಮೊದಲ ಸುತ್ತಿನಲ್ಲೇ ಹೊರಬಿದ್ದು, ಚಳಿಗಾಲವಿಡೀ ಲೀಗಿನಲ್ಲಿ ಸೋತು, ಈಸ್ಟರ್ ಕಳೆದ ಮೇಲೆ ಹೇಗೋ ಎದ್ದು ಕೂತ ತಂಡ ಅದು. ಎರ್ಮೆತೆ ಮದುವೆಗೆ ಮುಂಚಿನಿಂದ ಅದರ ಬಟ್ಟೆ ಒಗೆದವನು. ಬೇರೆ ಕೆಲಸ ಅವನಿಗೆ ಗೊತ್ತಿರಲಿಲ್ಲ.

ಅವನ ಮಗ ದುಯಿಲಿಯೊ ಆಡುತ್ತಿದ್ದದ್ದು ಮಾತ್ರ ವಾಲ್ಪಿಯಾನಾಕ್ಕೆ. ಕಾಲು ನಿಧಾನ ಎಂದು ಹೋದ ವರ್ಷ ಇಲ್ಲಿಯವರೇ ಅವನನ್ನು ಕಳಿಸಿಬಿಟ್ಟಿದ್ದರು. ಅಲ್ಲಿಗೆ ಹೋದಮೇಲೆ ಒಂದು ಗೋಲನ್ನೂ ಹೊಡೆದಿರಲಿಲ್ಲ. ಫೋನಿನಲ್ಲಿ ಅವನ ದನಿ ವಾರದಿಂದ ವಾರಕ್ಕೆ ತೆಳ್ಳಗಾಗುತ್ತ ಬಂದಿತ್ತು. ಇಂದೂ ಆಗದಿದ್ದರೆ ಆಟ ಬಿಟ್ಟುಬಿಡುತ್ತೇನೆ ಎಂದು ತಂದೆಗೆ ಹೇಳಿದ್ದ.

ಕೊನೆಯ ಗಳಿಗೆಯಲ್ಲಿ ವಾಲ್ಪಿಯಾನಾಕ್ಕೆ ಪೆನಾಲ್ಟಿ ಸಿಕ್ಕಿದೆ ಎಂದಿತು ರೇಡಿಯೊ. ಹೊಡೆಯಲು ಬರುತ್ತಿರುವವನು ದುಯಿಲಿಯೊ.

ಎಲ್ಲರ ಕಣ್ಣೂ ಎರ್ಮೆತೆಯ ಕಡೆ ತಿರುಗಿತು.

"ಉಳ್ಕೊಂಡ್ವಿ ಬಿಡ್ರೋ," ಅಂದ ಸಾಂತೆ. "ಏನ್ ಮಾವ, ನಿನ್ ಮಗ ಒದ್ರೆ ಚೆಂಡು ಸೀದಾ ಚರ್ಚಿನ ಗಂಟೆಗೇ ಅಲ್ವಾ?"

ಎಲ್ಲರೂ ನಕ್ಕರು. ಎರ್ಮೆತೆಯೂ ನಕ್ಕ. "ಹೌದಪ್ಪ, ಚಿಕ್ಕೋನಿದ್ದಾಗಿಂದ್ಲೂ ಹಂಗೇ," ಅಂದ. ಅಂದ ಮೇಲೆ ಆ ಮಾತು ಬಾಯಲ್ಲೇ ಕಹಿಯಾಗಿ ಉಳಿಯಿತು.

ಶಿಲುಬೆಯ ಗುರುತು ಮಾಡಲು ಕೈ ಎತ್ತಿದ. ಮಾತೆ ಮರಿಯಳ ಹೆಸರು ನಾಲಿಗೆಗೆ ಬಂತು, ಮುಂದಿನದು ಬರಲಿಲ್ಲ. ಮಗನ ಗುರಿ ತಪ್ಪಲಿ ಎಂದು ತಾಯಿಯ ಹತ್ತಿರ ಕೇಳುವುದು ಹೇಗೆ? ತಪ್ಪದಿರಲಿ ಎಂದರೆ, ಸುತ್ತ ನಿಂತ ಈ ಹುಡುಗರ ಗತಿ? "ಅಮ್ಮಾ, ಅಮ್ಮಾ," ಎಂದಷ್ಟೇ ಅನ್ನುತ್ತ ಹೋದ. ಕೈ ಹಣೆಯಲ್ಲೇ ನಿಂತಿತ್ತು.

ರೇಡಿಯೊದಲ್ಲಿ ವಾಲ್ಪಿಯಾನಾದ ಜನರ ಕೇಕೆ ಭೋರ್ಗರೆಯಿತು. ಸಾಂತೆ ರೇಡಿಯೊವನ್ನು ಹುಲ್ಲಿನ ಮೇಲಿಟ್ಟು, ಅದರ ಪಕ್ಕ ತಾನೂ ಕುಸಿದು ಕೂತ. ಎರ್ಮೆತೆ ತೋಳಿನ ಮೇಲಿದ್ದ ಅಂಗಿಗಳಲ್ಲಿ ಮುಖ ಹುದುಗಿಸಿದ.

ಅಧ್ಯಕ್ಷರು ಮೆಲ್ಲಗೆ ನಡೆದು ಬಂದು ಎರ್ಮೆತೆಯ ಹೆಗಲ ಮೇಲೆ ಕೈಯಿಟ್ಟರು. "ಅಳಬೇಡ ಕಣಯ್ಯ. ಇದರಲ್ಲಿ ನಿನ್ನ ತಪ್ಪೇನಿದೆ?"

ಎರ್ಮೆತೆ ಮುಖವೆತ್ತಲಿಲ್ಲ. ಒದ್ದೆ ಅಂಗಿಗಳ ರಾಶಿಯೊಳಗೆ ಅವನ ಬಾಯಿ ತಾನಾಗಿ ನಗುವಿನಲ್ಲಿ ಅರಳಿತ್ತು. ಎಷ್ಟು ಬಿಗಿಹಿಡಿದರೂ ಮುಚ್ಚುತ್ತಿರಲಿಲ್ಲ.